ಉಪ್ಪಿನ ಮೇಷ್ಟ್ರು

ಗುರುವಾರ, ಬೆಳಿಗ್ಗೆ ಏಳೂವರೆ

ನನ್ನ ಅಕ್ಕನಿಗೆ,

ಇವತ್ತು ಬೆಳಿಗ್ಗೆ ನೀನು ಉಪ್ಪಿನ ಚಮಚವನ್ನು ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿದೆ. ಆಮೇಲೆ ಅದರಲ್ಲೂ ಅರ್ಧ ವಾಪಸ್ ಡಬ್ಬಿಗೆ ಸುರಿದೆ. ನಾನು ಹಲ್ಲುಜ್ಜುತ್ತಾ ಬಾಗಿಲಲ್ಲೇ ನಿಂತಿದ್ದೆ. ನೀನು ಕರೆಯಲಿಲ್ಲ.

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವ ನನ್ನನ್ನು ನೋಡಿ ನಗಬೇಡ. ಎದುರಿಗೆ ನಿಂತರೆ ನನ್ನ ಬಾಯಿ ಕಟ್ಟುತ್ತದೆ. ನೀನು ಮಾರುಕಟ್ಟೆಯಿಂದ ಬಂದ ಕೂಡಲೇ ಹಿಟ್ಟಿನ ಡಬ್ಬ ತೆಗೆಯುತ್ತೀಯ, ಅದಕ್ಕೇ ಇದನ್ನು ಅದರ ಮುಚ್ಚಳದ ಮೇಲಿಟ್ಟು ಹೋಗುತ್ತಿದ್ದೇನೆ.

ಮೂರು ವರ್ಷದ ಹಿಂದಿನ ಜ್ವರ ನಿನ್ನ ಮೂಗು, ನಾಲಿಗೆ ಎರಡನ್ನೂ ಕಸಿದುಕೊಂಡು ಹೋದದ್ದು ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ. ರುಚಿಯೇ ತಿಳಿಯದವಳ ಕೈಯಲ್ಲಿ ಯಾರಾದರೂ ತಿಂಡಿ ಮಾಡಿಸುತ್ತಾರಾ? ಅಂದಿನಿಂದ ನೀನು ಆಲೂಗಡ್ಡೆ ಕಲಸಿದ ಕೂಡಲೇ ಒಂದು ಉಂಡೆ ತಟ್ಟೆಯಲ್ಲಿಟ್ಟು, "ಏನ್ರೀ ಉಪ್ಪಿನ ಮೇಷ್ಟ್ರೇ, ಪಾಸೋ ಫೇಲೋ?" ಎಂದು ಕೂಗುತ್ತಿದ್ದೆ. ನಾನು ಪಾಸು ಎಂದರೆ ಬಾಣಲೆ ಒಲೆಗೇರುತ್ತಿತ್ತು. ನನ್ನ ಕಾಲೇಜಿನ ಪುಸ್ತಕಗಳೆಲ್ಲ ಆ ಬಾಣಲೆಯಿಂದಲೇ ಬಂದವು.

ಕಳೆದ ಶನಿವಾರವೂ ಪಾಸು ಅಂದಿದ್ದೆ.

ನೀನು ಅಂದು ಕಟ್ಲೆಟ್ ಕೊಂಡುಹೋಗಬೇಕಿದ್ದದ್ದು ನಾನು ಕೆಲಸ ಮಾಡುವ ಮುದ್ರಣಾಲಯದ ಯಜಮಾನಿಯ ಮನೆಗೆ, ಅವರ ಮಗಳ ಹುಟ್ಟುಹಬ್ಬಕ್ಕೆ. ನಿನಗೆ ಅದು ಗೊತ್ತಿರಲಿಲ್ಲ. ನೀನು ಬರೆದಿಟ್ಟ ವಿಳಾಸ ನೋಡಿ ನನಗೆ ಗೊತ್ತಾಗಿತ್ತು. ನಾನೂ ಅಲ್ಲಿಗೇ ಹೊರಟಿದ್ದೆ. ನಿನ್ನ ಹತ್ತಿರ ಮಾತ್ರ ಕೆಲಸ ಬಾಕಿಯಿದೆ ಎಂದು ಸುಳ್ಳು ಹೇಳಿದ್ದೆ. ಏಕೆಂದರೆ ಅಕ್ಕ, ಕೆಲಸಕ್ಕೆ ಸೇರಿದ ಮೊದಲ ವಾರವೇ ಅಲ್ಲಿ ಎಲ್ಲರಿಗೂ ಸುಳ್ಳು ಹೇಳಿ ನಿನ್ನನ್ನು ಹೈಸ್ಕೂಲ್ ಮೇಡಂ ಮಾಡಿಬಿಟ್ಟಿದ್ದೆ. ನೀನು ಅಡುಗೆಮನೆ ಬಿಟ್ಟು ಈಚೆ ಬರಲಾರೆ ಎಂದುಕೊಂಡಿದ್ದೆ.

ನೀನು ತಟ್ಟೆ ಹಿಡಿದು ಹಜಾರಕ್ಕೇ ಬಂದೆ. ನನ್ನನ್ನು ಕಂಡು ನಿನ್ನ ಮುಖ ಅರಳಿತು. ಮರುಕ್ಷಣ ನನ್ನ ಮುಖ ಓದಿಕೊಂಡೆ. ನನ್ನ ಮುಂದೆಯೂ ತಟ್ಟೆ ಹಿಡಿದು, "ತಗೊಳ್ಳಿ ಮೇಡಂ" ಅಂದೆ. ನಾನು ತಗೊಂಡೆ. ನಿನ್ನ ಹೆಬ್ಬೆರಳಿನ ಸುಟ್ಟ ಗುರುತು ನನ್ನ ಮೂಗಿನ ಕೆಳಗೇ ಇತ್ತು.

ಆಗಲೇ ಯಜಮಾನಿ ನಕ್ಕು, "ನಮ್ಮ ಸಾಹಿತ್ಯದ ಹುಡುಗಿ ಬಾಯಿ ಬಿಡೋದೇ ಇಲ್ಲವಲ್ಲ! ಕಟ್ಲೆಟ್ ಬಗ್ಗೆಯಾದರೂ ವಿಮರ್ಶೆ ಮಾಡಮ್ಮ" ಅಂದರು. ಎಲ್ಲರೂ ನನ್ನತ್ತ ತಿರುಗಿದರು. ನಿನಗೂ ನನಗೂ ಸಂಬಂಧವೇ ಇಲ್ಲ ಎಂದು ತೋರಿಸಿಕೊಳ್ಳಲು ನನಗೆ ಹೊಳೆದದ್ದು ಅದೊಂದೇ ಮಾತು: "ಉಪ್ಪು ಸ್ವಲ್ಪ ಜಾಸ್ತಿಯಾಯ್ತು."

ಅಷ್ಟೇ ಸಾಕಾಯಿತು. ಎರಡೆರಡು ತಿಂದು ಮೂರನೆಯದಕ್ಕೆ ಕೈ ಹಾಕಿದ್ದ ನಮ್ಮ ಮುದ್ರಣಾಲಯದ ಬೈಂಡರ್ ಕೂಡ, "ಹೌದ್ಹೌದು, ಆವಾಗಿಂದ ಏನೋ ಅನ್ನಿಸ್ತಿತ್ತು" ಎಂದು ಕೈ ಹಿಂತೆಗೆದ. ನೀನು ತಲೆ ತಗ್ಗಿಸಿ, "ತಪ್ಪಾಯ್ತಮ್ಮ, ಇನ್ನೊಂದು ಸಲ ನೋಡ್ಕೋತೀನಿ" ಎಂದು ತಟ್ಟೆ ಒಳಗೆ ಒಯ್ದೆ.

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನಾನು ಉಪ್ಪಿನ ಮಾತಿನಲ್ಲೇ ಎರಡು ಬಗೆದೆ.

ಮನೆಗೆ ಬಂದ ಮೇಲೆ ನೀನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯಾಕೆ ಗುರುತು ಹಿಡಿಯಲಿಲ್ಲ ಎಂದೂ ಕೇಳಲಿಲ್ಲ. ಬಾಣಲೆ ತಿಕ್ಕುತ್ತಾ ಕೇಳಿದ್ದು ಒಂದೇ: "ಬೆಳಿಗ್ಗೆ ಸರಿ ಇತ್ತಲ್ಲೇ? ಆಲೂಗಡ್ಡೆ ಆರಿದ ಮೇಲೆ ಉಪ್ಪು ಏರುತ್ತಾ?" ನಾನು "ಇರಬಹುದು" ಅಂದೆ. ತಪ್ಪನ್ನೆಲ್ಲ ಆಲೂಗಡ್ಡೆಯ ತಲೆಗೆ ಕಟ್ಟಿ ಹೋಗಿ ಮಲಗಿಬಿಟ್ಟೆ.

ಮಂಗಳವಾರ ನೀನು ನನ್ನನ್ನು ಕರೆಯದೆ ಉಪ್ಪು ಇಳಿಸಿದೆ, ಆರ್ಡರಿನವರು ಸಪ್ಪೆ ಅಂದರಂತೆ. ನಿನ್ನೆ ನೀನು ಪಕ್ಕದ ಮನೆ ಅಜ್ಜಿಗೆ, "ಭಾನುವಾರ ಔಷಧಿ ಅಂಗಡಿಯವರ ಅವಳಿ ಮಕ್ಕಳ ಹುಟ್ಟುಹಬ್ಬ ಒಂದು ಮುಗಿಸಿ ಒಲೆ ಮಾರಿಬಿಡ್ತೀನಿ, ಇನ್ನು ಈ ಕೆಲಸ ನನ್ನ ಕೈಲಿ ಆಗಲ್ಲ" ಎನ್ನುತ್ತಿದ್ದದ್ದು ನನಗೆ ಕೇಳಿಸಿತು. ನಿನ್ನ ನಾಲಿಗೆ ಹೋದಾಗಲೂ ನೀನು ಆ ಮಾತು ಆಡಿರಲಿಲ್ಲ.

ಒಲೆ ಮಾರಬೇಡ. ಕೆಟ್ಟದ್ದು ನಿನ್ನ ಕೈಯಲ್ಲ, ನನ್ನ ಬಾಯಿ. ಭಾನುವಾರ ಬೆಳಿಗ್ಗೆ ಉಂಡೆ ಕಟ್ಟಿದ ಮೇಲೆ ನನ್ನನ್ನು ಕೂಗು. ನನ್ನ ಮಾತು ನಂಬಲು ಮನಸ್ಸಾಗದಿದ್ದರೆ ಅಜ್ಜಿಯನ್ನೂ ಕೂರಿಸಿಕೋ.

ಪಾಸಾಗದ,
ನಿನ್ನ ಉಪ್ಪಿನ ಮೇಷ್ಟ್ರು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಉಪ್ಪು ಜಾಸ್ತಿ ಅಂದಾಗ ನಾನು ಆ ಕಟ್ಲೆಟ್ ಬಾಯಿಗೇ ಇಟ್ಟಿರಲಿಲ್ಲ. ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಬಸ್ ನಿಲ್ದಾಣದಲ್ಲಿ ತಿಂದೆ. ಒಂದು ಹರಳೂ ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ.

ಭಾನುವಾರ ನಮ್ಮ ಯಜಮಾನಿಯೂ ಔಷಧಿ ಅಂಗಡಿಯವರ ಮನೆಗೆ ಬರುತ್ತಾರಂತೆ. ಬಾಗಿಲ ಹಿಂದೆ ನೇತಾಡುತ್ತಿದ್ದ ನಿನ್ನ ಹಳೆಯ ಏಪ್ರನ್ನಿನ ದಾರ ಕಿತ್ತುಹೋಗಿತ್ತು, ಹೊಲಿದಿಟ್ಟಿದ್ದೇನೆ. ಅವತ್ತು ಎರಡು ಏಪ್ರನ್ ಬೇಕಾಗುತ್ತವೆ, ನಿನಗೊಂದು, ನನಗೊಂದು.