ಜಾಲಹಳ್ಳಿ ಅಭಿಮಾನಿಗಳು

ಜಾಲಹಳ್ಳಿ
೧೪-೬-೧೯೮೭

ಗಿರಿಧರಪ್ಪ,

ನಿಮ್ಮ ಬ್ಯಾಂಡಿನ ಹೊಸ ಕ್ಯಾಸೆಟ್ಟು ನನ್ನ ಟೇಪ್‌ರೆಕಾರ್ಡರಿಗೆ ಸಿಕ್ಕಿ ಚಿಂದಿಯಾಯ್ತು. ಇಲ್ಲ ಕಣಪ್ಪ, ಸುಳ್ಳು. ಈಗಲೂ ಹಾಡ್ತಾ ಇದೆ. ರಾಕ್ ಅಂದ್ರೆ ಬಂಡೆ ಅಂತಾರೆ, ನಮ್ಮ ಹಿತ್ತಲಿನ ಬಂಡೆ ಇಷ್ಟು ಗಲಾಟೆ ಮಾಡಲ್ಲ.

ಇಲ್ಲಿನ ಅಭಿಮಾನಿಗಳನ್ನೆಲ್ಲ ನೋಡೋಕೆ ಭಾನುವಾರ ನಾಲ್ಕೂ ಜನ ಬರ್ತೀವಿ ಅಂತ ಬರ್ದಿದ್ದೀಯ. ಡ್ರಮ್ಮು ತರ್ಬೇಡಿ. ನಮ್ಮನೇಲಿ ಎರಡೇ ಕುರ್ಚಿ, ಒಂದ್ರಲ್ಲಿ ಟೇಪ್‌ರೆಕಾರ್ಡರ್ ಕೂತಿದೆ.

ಬಿ ಸೈಡೇ ಚೆನ್ನಾಗಿದೆ ಅಂತ ಪಂಚಪ್ಪ ನಿಂಗೆ ಬರೆದ. "ಅವನ ಕಿವೀಗೆ ಎಣ್ಣೆ ಬಿಡಿ, ಎ ಸೈಡೇ ಸರಿ" ಅಂತ ಚನ್ನಕ್ಕ ಬರೆದ್ಲು. ಜಗಳ ಬಿಡಿಸೋಕೆ ಯಲ್ಲಮ್ಮ ಬರೆದ್ಲು. ಹಿಂಗೆ ಒಂಬತ್ತು ಕಾಗದ ಬಂತಲ್ಲ, ನೀನು ಒಂಬತ್ತಕ್ಕೂ ಬೇರೆ ಬೇರೆ ಉತ್ತರ ಹಾಕಿದೆ, ಎಲ್ಲಾ ನಮ್ಮನೆ ವಿಳಾಸಕ್ಕೆ. ಒಂದೇ ತಿಂಗಳಲ್ಲಿ ಪೋಸ್ಟ್‌ಮ್ಯಾನು ಒಂಬತ್ತು ಸಲ ನನ್ನ ಬಾಗಿಲು ತಟ್ಟಿದ. ಅದಕ್ಕೆ ಮುಂಚೆ ಯಾರು ತಟ್ಟಿದ್ರೋ ಜ್ಞಾಪಕ ಇಲ್ಲ.

ಇದನ್ನ ಓದಿದ್ಮೇಲೂ ಬರೋ ಮನಸ್ಸಿದ್ರೆ ಊಟ ಮಾಡ್ಕೊಂಡು ಬರ್ಬೇಡಿ, ಚಿತ್ರಾನ್ನ ಕಲಸಿರ್ತೀನಿ. ಎಷ್ಟು ಜನಕ್ಕೆ ಅಂತ ಮೊದಲೇ ಒಂದು ಕಾರ್ಡು ಹಾಕು.

ನಮ್ಮ ಕಡೆಯಿಂದ ಒಬ್ಬನೇ. ಆ ಒಂಬತ್ತೂ ಕಾಗದ ನಾನೇ ಬರ್ದಿದ್ದು ಕಣಪ್ಪ.

ನಿಮ್ಮ
ಹನುಮಂತರಾಯಪ್ಪ