ಬರೆಯಲು ಬಿಡದ ಡಿಸ್ಕ್

ಬೀದರಿನ ಇಳಿಮನೆಯಿಂದ,
ಮೂರನೆಯ ಬಾವಿಕಾಲದ ಕೊನೆಯ ಬೇಸಿಗೆ, ಸೂರ್ಯ ಎರಡು ಸಲ ಮುಳುಗಿದ ದಿನ.

ವೈಜಯಂತಿ ಅವರಿಗೆ,

ತೇದಿ ನೋಡಿ ನಗಬೇಡಿ. ಒಂದು ಬಾವಿಯ ನೀರು ಬತ್ತುವವರೆಗಿನ ಕಾಲವೇ ನಮಗೆ ಬಾವಿಕಾಲ. ನಡುಮಧ್ಯಾಹ್ನ ಧೂಳೆದ್ದು ಕತ್ತಲಾದರೆ ಅದನ್ನೂ ನಾವು ಒಂದು ಮುಳುಗು ಎಂದೇ ಎಣಿಸುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಫೈಲುಗಳಲ್ಲಿ ಓದಿ ಕಲಿತವಳು ನಾನು. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಸಿಟ್ಟು ನಿಮ್ಮ ಮೇಲೆಯೇ.

ನನ್ನ ಹೆಸರು ಜಗದೇವಿ. ಇಳಿಮನೆ ನೋಡಿಕೊಳ್ಳುವವಳು. ಇಳಿಮನೆ ಎಂದರೆ ಆಕಾಶದ ಉಗ್ರಾಣದಿಂದ ಫೈಲು ಇಳಿಸಿಕೊಳ್ಳುವ ಮನೆ. ನಿಮ್ಮವರು ಮೇಲಕ್ಕೆ ಹಾರಿಸಿಬಿಟ್ಟ ಆ ಉಗ್ರಾಣ ಆಗಾಗ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಹಾಗೆ ಹಾಯುವುದಕ್ಕೆ ಪಾಳಿ ಎನ್ನುತ್ತೇವೆ. ಪಾಳಿ ಬಂದಾಗ ಮಾಳಿಗೆಯ ಮೇಲಿನ ತಟ್ಟೆಯನ್ನು ಅದರತ್ತ ತಿರುಗಿಸಿ, ಜ್ವರದ ಔಷಧವೋ ಬಿತ್ತನೆಯ ವಿಧಾನವೋ, ಬೇಕಾದ್ದನ್ನು ಕೇಳಿ ಇಳಿಸಿಕೊಳ್ಳುತ್ತೇವೆ. ಇಳಿದದ್ದೆಲ್ಲ ನಿಮ್ಮ ಕಾಲದಿಂದ ಉಳಿದುಬಂದ ಊರ ಡಿಸ್ಕಿಗೇ ಹೋಗಬೇಕು, ಯಾರೂ ಮನೆಯಲ್ಲಿ ಫೈಲು ಇಟ್ಟುಕೊಳ್ಳುವ ತಮ್ಮ ಸ್ವಂತ ಡಬ್ಬಿಗೆ ಇಳಿಸಿಕೊಳ್ಳುವಂತಿಲ್ಲ. ಹಿಂದೊಮ್ಮೆ ಒಂದು ಮನೆಯವರು ಜ್ವರದ ಔಷಧದ ಫೈಲನ್ನು ತಮ್ಮಲ್ಲೇ ಬಚ್ಚಿಟ್ಟುಕೊಂಡಿದ್ದರಿಂದ ಅರ್ಧ ಊರು ಮಣ್ಣುಪಾಲಾಯಿತು. ಅಂದಿನಿಂದ ಈ ಕಟ್ಟಳೆ.

ನಾವು ಜೀವ ಹಿಡಿದುಕೊಂಡಿರುವುದು ಸುರಂಗ ಬಾವಿಯ ನೀರಿನಿಂದ. ನೆಲದಡಿ ಕಲ್ಲು ಕೊರೆದು ಮಾಡಿದ ಕಾಲುವೆ ಅದು. ಅಲ್ಲಲ್ಲಿ ಗಾಳಿಯಾಡಲೆಂದು ಮೇಲಿನಿಂದ ನೇರವಾಗಿ ಇಳಿಸಿದ ಗಾಳಿಬಾವಿಗಳಿವೆ. ರಸ್ತೆಗೆ ಬೇಕು, ಸೈಟಿಗೆ ಬೇಕು ಎಂದು ನಿಮ್ಮವರು ಎಷ್ಟೋ ಗಾಳಿಬಾವಿಗಳ ಬಾಯಿಗೆ ಮಣ್ಣು ಹಾಕಿದರು. ಈಗ ಎಲ್ಲಿದ್ದವೆಂದು ಹೇಳುವವರೇ ಇಲ್ಲ. ನಾವು ಬೆಳಗಾಗುವ ಮುಂಚೆ ರೊಟ್ಟಿ ಬಡಿದು, ಬಿಸಿಲೇರುವುದರೊಳಗೆ ಕೆಳಗಿಳಿಯುತ್ತೇವೆ. ಹೂಳು ತೆಗೆಯುವವರು ಮುಂದೆ, ಬುಟ್ಟಿ ಹೊರುವವರು ಹಿಂದೆ. ಕೂಸುಗಳ ತೊಟ್ಟಿಲು ಕಟ್ಟುವುದೂ ಸುರಂಗದ ಬಾಯಲ್ಲೇ, ತಂಪಿಗೆ. ನನ್ನ ಮಗಳು ಸುಗಲಾ ಹೂಳು ತೆಗೆಯುವವಳು. ಬಾಯಿ ಜೋರು, ಗುದ್ದಲಿ ಇನ್ನೂ ಜೋರು. ಎಲ್ಲರಿಗಿಂತ ಮುಂದೆ ಹೋಗುವ ಹಟ ಅವಳದು.

ಅವಳು ಮುಂದೆ ಹೋದಾಗಲೇ ಹಿಂದೆ ಸುರಂಗ ಕುಸಿಯಿತು. ಉಳಿದವರು ಈಚೆ, ಅವಳೊಬ್ಬಳು ಆಚೆ. ಒಂದು ಬುಟ್ಟಿ ಮಣ್ಣು ತೆಗೆದರೆ ಮೇಲಿನಿಂದ ಎರಡು ಬುಟ್ಟಿ ಸುರಿಯುತ್ತಿತ್ತು. ನೆಲಕ್ಕೆ ಕಿವಿಯಿಟ್ಟರೆ ಗುದ್ದಲಿಯಿಂದ ಬಂಡೆ ಬಡಿಯುವ ಸದ್ದು ಕೇಳುತ್ತಿತ್ತು. ಬದುಕಿದ್ದಾಳೆ! ಆಚೆ ಕಡೆಯ ಗಾಳಿಬಾವಿ ಎಲ್ಲಿದೆಯೆಂದು ತಿಳಿದರೆ ಮೇಲಿನಿಂದ ಬಾಯಿ ತೆರೆದು ಅವಳನ್ನು ಎತ್ತಬಹುದು. ನಿಮ್ಮ ಕಾಲದಲ್ಲಿ ಅಳತೆ ಮಾಡಿ ಬರೆದ ನಕಾಶೆ ಉಗ್ರಾಣದಲ್ಲಿದೆ ಎಂದು ನನಗೆ ಗೊತ್ತಿತ್ತು. ಓಡಿದೆ.

ಪಾಳಿ ಬಂತು. ನಕಾಶೆ ಇಳಿಯತೊಡಗಿತು. ಪರದೆಯ ಮೇಲಿನ ಪಟ್ಟಿ ತುಂಬುತ್ತ ತುಂಬುತ್ತ ಪೂರ್ತಿಯಾಯಿತು. ಆಮೇಲೆ ಬಂದದ್ದು ಒಂದೇ ಮಾತು: ಇಳಿಸಲಾಗಲಿಲ್ಲ. ನಮ್ಮ ಹಿರಿಯ ಮಾಣಿಕ ಮುತ್ಯಾ, “ತಟ್ಟ್ಯಾಗ ದೋಷ ಅದ, ಧೂಳ ಕುಂತದ” ಎಂದ. ತಟ್ಟೆ ಒರೆಸಿದೆವು, ತಂತಿ ಬದಲಿಸಿದೆವು. ಮುಂದಿನ ಪಾಳಿಯಲ್ಲೂ ಅದೇ ಹಾಡು. ಅಷ್ಟರಲ್ಲಿ ಕೆಳಗಿನ ಬಡಿತ ನಿಧಾನವಾಗಿತ್ತು.

ಆಗ ತಲೆಗೆ ಹೊಳೆಯಿತು. ತಪ್ಪುತ್ತಿರುವುದು ಬರುವಾಗ ಅಲ್ಲ, ಬಂದದ್ದನ್ನು ಇಡುವಾಗ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಹಳೆಯ ಫೈಲುಗಳು ತೆರೆಯುತ್ತಿದ್ದವು, ಅದಕ್ಕೇ ಯಾರಿಗೂ ಅದರ ಮೇಲೆ ಅನುಮಾನ ಬಂದಿರಲಿಲ್ಲ. ವಿವರ ತೆರೆದು ಸಣ್ಣಕ್ಷರ ಓದಿದೆ: ‘ಈ ಡಿಸ್ಕಿನಲ್ಲಿ ಬರೆಯಲು ನಿಮಗೆ ಅನುಮತಿ ಇಲ್ಲ. ಮಾಲೀಕರನ್ನು ಕೇಳಿ. ಮಾಲೀಕರು: ವೈಜಯಂತಿ.’

ಎಲ್ಲಿ ಕೇಳಲಿ ನಿಮ್ಮನ್ನು? ಹಿಂದಿನ ಕಂಪ್ಯೂಟರ್ ಈ ಬೇಸಿಗೆಯ ಕಾವಿಗೆ ಸುಟ್ಟುಹೋಗಿ, ಡಿಸ್ಕನ್ನು ಬೇರೊಂದಕ್ಕೆ ಜೋಡಿಸಿದ್ದೆವು. ಆಮೇಲೆ ಹೊಸದೇನನ್ನೂ ಇಳಿಸಿರಲಿಲ್ಲ. ಹಳೆಯದು ನಮ್ಮನ್ನೇ ನೀವೆಂದು ತಿಳಿದು ಸುಮ್ಮನಿತ್ತು. ಹೊಸದಕ್ಕೆ ನಾವು ಯಾರೋ ಪರಕೀಯರು. ಓದಬಹುದು, ಬರೆಯಕೂಡದು. ಪಾಸ್‌ವರ್ಡ್ ಕೇಳಿತು. ನಿಮ್ಮ ಮಕ್ಕಳ ಹೆಸರು, ನಿಮ್ಮ ತವರೂರು ನಮಗೇನು ಗೊತ್ತು ತಾಯಿ? ಬಾಯಿಗೆ ಬಂದದ್ದೆಲ್ಲ ಒತ್ತಿದೆ. ಯಾವುದೂ ಆಗಲಿಲ್ಲ.

ಬೇರೆ ದಾರಿ ಒಂದೇ ಇತ್ತು: ಫೈಲನ್ನು ಬೇರೆ ಕಡೆ ಇಳಿಸುವುದು. ನನ್ನ ಡಬ್ಬಿಗೆ ಇಳಿಸುತ್ತೇನೆ ಎಂದು ಮುತ್ಯಾನ ಕಾಲು ಹಿಡಿದೆ. “ಬ್ಯಾಡವ್ವ ಜಗದೇವಿ, ಇವತ್ತ ನಿನಗ ಬಿಟ್ರ ನಾಳಿ ಎಲ್ಲಾರೂ ತಮ್ಮ ತಮ್ಮ ಮನಿಗಿ ಇಳಸ್ಕೋತಾರ. ಇನ್ನೊಂದು ಪಾಳಿ ನೋಡಮು” ಎಂದ. ಹೇಳುವಾಗ ಅಳುತ್ತಿದ್ದ. ಕಲ್ಲೆದೆಯವನಲ್ಲ, ಆ ಜ್ವರದಲ್ಲಿ ತನ್ನ ಮನೆಯವರನ್ನೆಲ್ಲ ಕಳೆದುಕೊಂಡವನು. ಆ ಇನ್ನೊಂದು ಪಾಳಿಯೂ ಹಾಗೇ ಹೋಯಿತು. ಅದರ ಮುಂದಿನ ಪಾಳಿಗೆ ಅವನೇ ನಮ್ಮ ಮನೆಗೆ ಹೋಗಿ ನನ್ನ ಡಬ್ಬಿ ತಂದು ಜೋಡಿಸಿದ.

ನಕಾಶೆ ಇಳಿಯಿತು. ಒಂದೇ ಸಲಕ್ಕೆ, ಸಲೀಸಾಗಿ.

ಗಾಳಿಬಾವಿ ಆಡಿನ ಕೊಟ್ಟಿಗೆಯ ಹಿಂದೆಯೇ ಇತ್ತು. ಊರಿಗೆ ಊರೇ ಬಿದ್ದು ಮಣ್ಣು ತೆಗೆಯಿತು. ನಾನು ಮತ್ತೆ ನೆಲಕ್ಕೆ ಕಿವಿಯಿಡಲಿಲ್ಲ, ಧೈರ್ಯ ಬರಲಿಲ್ಲ. ಹಗ್ಗ ಕಟ್ಟಿಕೊಂಡು ನಾನೇ ಇಳಿದೆ. ಸುಗಲಾ ಗೋಡೆಗೆ ಒರಗಿ ಕುಳಿತಿದ್ದಳು, ಗುದ್ದಲಿ ತೊಡೆಯ ಮೇಲೆ. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ.

ಯಾರೂ ಕೆಡಿಸದಿರಲಿ ಎಂದೇ ನೀವು ಆ ಡಿಸ್ಕಿಗೆ ಬೀಗ ಹಾಕಿರಬೇಕು. ಒಳ್ಳೆಯದಕ್ಕೇ ಮಾಡಿದ್ದೀರಿ ಎಂದು ಒಪ್ಪುತ್ತೇನೆ, ಆದರೂ ಸಿಟ್ಟು ಇಳಿಯುತ್ತಿಲ್ಲ. ಉಗ್ರಾಣದ ಗಡಿಯಾರ ನಿಮ್ಮ ವರ್ಷದಲ್ಲೇ ನಿಂತುಹೋಗಿದೆ. ನಾವು ಏನು ಕಳಿಸಿದರೂ ನಿಮ್ಮ ತೇದಿಯನ್ನೇ ಒತ್ತಿಕೊಳ್ಳುತ್ತದೆ. ಆ ತೇದಿ ಹೊತ್ತ ಕಾಗದ ಆ ದಿನವೇ ನಿಮ್ಮ ಕೈ ಸೇರೀತು ಎಂಬ ಆಸೆ ನನ್ನದು. ಮುತ್ಯಾ ಇದಕ್ಕೆ ಹುಚ್ಚು ಎನ್ನುತ್ತಾನೆ. ಎನ್ನಲಿ. ಈ ಕಾಗದವನ್ನು ಮುಂದಿನ ಪಾಳಿಗೆ ಮೇಲೆ ಕಳಿಸುತ್ತಿದ್ದೇನೆ.

ಸಿಕ್ಕ ಕೂಡಲೇ ಕೈಯಲ್ಲಿರುವ ಕೆಲಸ ಬಿಟ್ಟು ಆ ಡಿಸ್ಕಿನ ಮುಂದೆ ಕುಳಿತುಕೊಳ್ಳಿ. ನಿಮ್ಮ ನಂತರ ಬರುವ ಎಲ್ಲರಿಗೂ ಬರೆಯುವ ಅನುಮತಿ ಕೊಡಿ. ನಿಮಗೆ ಅದು ಒಂದು ಗುಂಡಿ ಒತ್ತುವಷ್ಟೇ ಕೆಲಸ. ನೀವು ಒತ್ತಿದರೆ ಮೊದಲ ಪಾಳಿಯಲ್ಲೇ ನಕಾಶೆ ಇಳಿಯುತ್ತದೆ, ನನ್ನ ಮಗಳು ನನ್ನನ್ನು ಬೈಯುತ್ತ ಮೇಲೆ ಬರುತ್ತಾಳೆ, ನಾನು ನಿಮಗೆ ಈ ಕಾಗದ ಬರೆಯುವುದೇ ಇಲ್ಲ. ಬರೆಯದಿರುವಂತೆ ಮಾಡಿ, ತಾಯಿ.

ಜಗದೇವಿ