ಬನಶಂಕರಮ್ಮನ ಬೆರಳುಗಳು ಮತ್ತು ನೀವು ಕೇಳದ ಪ್ರಶ್ನೆ

ಕ್ಯಾನ್ಸರ್ ವಿಭಾಗದ ಮುಖ್ಯಸ್ಥರೇ,

ನನ್ನ ಅತ್ತಿಗೆಗೆ ನಿಮ್ಮ ಆಸ್ಪತ್ರೆಯಲ್ಲಿ ಎಂಟು ವಾರ ಔಷಧ ಏರಿಸಿದಿರಿ. ಅದು ಅವರ ಬೆರಳುಗಳಿಗೆ ಏನು ಮಾಡಬಹುದೆಂದು ಒಂದು ವಾರವೂ ಹೇಳಲಿಲ್ಲ. ನನ್ನ ದೂರು ಇಷ್ಟೇ. ಬೆರಳು ಸಣ್ಣ ವಿಷಯ ಎನಿಸಿದರೆ ದಯವಿಟ್ಟು ಮುಂದೆ ಓದಿ.

ಅತ್ತಿಗೆ ಬನಶಂಕರಮ್ಮ ರಾಯದುರ್ಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜೀನ್ಸ್ ಹೊಲಿಯುತ್ತಾರೆ. ಬಟ್ಟೆ ಎಲ್ಲಿ ನಾಲ್ಕು ಪದರವಾಗುತ್ತದೆ, ಎಲ್ಲಿ ಮಿಷನ್ ನಿಧಾನ ಮಾಡಬೇಕು ಎಂಬುದು ಕಣ್ಣಿಗಿಂತ ಮೊದಲು ಅವರ ಬೆರಳಿಗೆ ತಿಳಿಯುತ್ತಿತ್ತು. ಸ್ತನದ ಗಡ್ಡೆ ತೆಗೆದ ಮೇಲೆ, ವಾರಕ್ಕೊಂದರಂತೆ ಹನ್ನೆರಡು ಕೀಮೋ ಎಂದಿರಿ. ಇಂಗ್ಲಿಷಿನ ಒಪ್ಪಿಗೆ ಪತ್ರದ ನಾಲ್ಕು ಪುಟ ಬಂದವು. "ಇಕ್ಕಡ ಸಂತಕಂ ಪೆಟ್ಟಮ್ಮಾ" ಎಂದು ನರ್ಸ್ ತೆಲುಗಿನಲ್ಲಿ ಹೇಳಿ ತೋರಿಸಿದ ಜಾಗದಲ್ಲಿ ಅತ್ತಿಗೆ ಸಹಿ ಹಾಕಿದರು. ಕೆಳಗೆ ಸಾಕ್ಷಿಯಾಗಿ ನಾನು. ಎಂ.ಎ. ಓದಿದವಳು, ಪದ್ಯದ ಒಂದು ಸಾಲಿಗೆ ಸಂಜೆಯೆಲ್ಲ ಕೊಡುವವಳು, ಆ ನಾಲ್ಕು ಪುಟಗಳಿಗೆ ನಾಲ್ಕು ನಿಮಿಷ ಕೊಡಲಿಲ್ಲ. ಹಿಂದೆ ರೋಗಿಗಳ ಸಾಲು ಕಾಯುತ್ತಿತ್ತು. ಆ ತಪ್ಪು ನನ್ನದು. ಉಳಿದದ್ದು ನಿಮ್ಮದು.

ಕೂದಲು ಉದುರುತ್ತದೆ, ವಾಂತಿಯಾಗುತ್ತದೆ ಎಂದಿರಿ. ಅಷ್ಟನ್ನು ಟೀವಿ ಧಾರಾವಾಹಿಗಳೂ ಹೇಳುತ್ತವೆ. ನಾಲ್ಕನೇ ವಾರಕ್ಕೆ ಬೆರಳ ತುದಿ ಜುಮ್ಮೆನ್ನತೊಡಗಿದಾಗ ಅತ್ತಿಗೆ ಸುಮ್ಮನಿದ್ದರು. ನಮ್ಮೂರಲ್ಲಿ ದಿನವಿಡೀ ಮಿಷನ್ ಮುಂದೆ ಕೂತವರಿಗೆಲ್ಲ ಕೈ ಜೋಮು ಹಿಡಿಯುತ್ತದೆ. ಕೈ ಕೊಡವಿ ಮುಂದಿನ ಪ್ಯಾಂಟ್ ಎತ್ತಿಕೊಳ್ಳುತ್ತಾರೆ. ಎಂಟನೆಯದು ಮುಗಿದ ಮೇಲೆ ಒಂದು ಮಧ್ಯಾಹ್ನ ಅವರು ಜೇಬು ಕೂಡಿಸುತ್ತಿದ್ದರು. ಸೂಜಿ ತೋರುಬೆರಳ ತುದಿಗೆ ಚುಚ್ಚಿತು.

"ಈ ರಕ್ತ ಎಲ್ಲಿಂದ ಬಂತು?" ಎಂದು ಅವರು ಬಟ್ಟೆ ತಿರುಗಿಸಿ ನೋಡುತ್ತಿದ್ದರು.

"ನಿಮ್ಮ ಬೆರಳೇ ಅತ್ತಿಗಿ. ಎಷ್ಟ್ ದಿನದಿಂದ ಹಿಂಗ? ಯಾಕ ಹೇಳ್ಲಿಲ್ರಿ?"

"ಜೋಮು ಹಿಡದೈತಿ ಅಂದ್ರ ಡಾಕ್ಟರು ನಗ್ತಾರ ಬಿಡವ್ವಾ. ಅದೂ ಒಂದು ರೋಗೇನು?"

ಆಸ್ಪತ್ರೆಗೆ ಕರೆತಂದಾಗ ನಿಮ್ಮ ವೈದ್ಯರು ನಗಲಿಲ್ಲ, ಗದರಿದರು. "ಔಷಧದಿಂದ ನರಕ್ಕೆ ಪೆಟ್ಟಾಗಿದೆ. ಮೊದಲೇ ಹೇಳಿದ್ದರೆ ಡೋಸ್ ಇಳಿಸಬಹುದಿತ್ತು, ಬೇರೆ ಔಷಧ ನೋಡಬಹುದಿತ್ತು. ಯಾಕಮ್ಮಾ ಹೇಳಲಿಲ್ಲ?"

"ಹೇಳ್ಬೇಕಂತ ನೀವು ಹೇಳಿದ್ರ ಹೇಳ್ತಿದ್ನಲ್ರಿ ಸಾರ್."

ಸ್ಪರ್ಶ ಮರಳಲು ತಿಂಗಳುಗಳು ಬೇಕಂತೆ; ಕೆಲವರಿಗೆ ಪೂರ್ತಿ ಮರಳುವುದೂ ಇಲ್ಲವಂತೆ. ಇದೆಲ್ಲ ಆ ಕಾಗದದ ಮೂರನೇ ಪುಟದಲ್ಲಿದೆ. ಈಗ ಓದಿದ್ದೇನೆ.

ನಮ್ಮೂರ ಟೈಲರ್ ಯಾರೇ ಆಗಲಿ, ರವಿಕೆಯ ಬಟ್ಟೆಗೆ ಕತ್ತರಿ ಹಾಕುವ ಮುನ್ನ ತೋಳು ಎಷ್ಟುದ್ದ, ಬಿಗಿಯೋ ಸಡಿಲವೋ ಎಂದು ಕೇಳುತ್ತಾರೆ. ಒಂದು ಜೀವಕ್ಕೆ ಇಂಥ ಔಷಧ ಏರಿಸುವ ಮುನ್ನ "ನೀವೇನು ಕೆಲಸ ಮಾಡುತ್ತೀರಮ್ಮಾ" ಎಂದು ಕೇಳಲು ನಿಮಗೆ ಯಾವ ಹೊಸ ಯಂತ್ರ ಬೇಕಿತ್ತು? ಔಷಧವನ್ನು ನಾನು ದೂರುತ್ತಿಲ್ಲ. ಅತ್ತಿಗೆ ಅದರಿಂದಲೇ ಬದುಕಬೇಕು. ಆದರೆ ಬದುಕಲು ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ತಿಳಿಯದವರು ಒಪ್ಪಿದರು ಎನ್ನುವುದು ಹೇಗೆ? ನಿಮ್ಮ ಬಳಿ ಇರುವುದು ಸಹಿ ಮಾತ್ರ.

ವೈದ್ಯರು ಗದರಿದ ದಿನವೇ ಪಕ್ಕದ ಬೆಂಚಿಗೆ, ಮೊದಲ ಕೀಮೋಗೆಂದು ಬಂದ ಮಡಕಶಿರಾ ಕಡೆಯ ಚಿತ್ತಮ್ಮನಿಗೆ ಅತ್ತಿಗೆ ಹೇಳುತ್ತಿದ್ದರು: "ಬೆರಳು ಜುಮ್ ಅಂದ್ರ ಆವಾಗ್ಲೇ ಹೇಳ್ರಿ. ರೇಷ್ಮಿ ಸೊಪ್ಪು ಕೊಯ್ದು ಹಿಂಗಾಗೈತಿ ಅನ್ಕೋಬ್ಯಾಡ್ರಿ." ಅಭಿನಂದನೆಗಳು. ರೋಗಿಗೆ ತಿಳಿಹೇಳುವ ಹುದ್ದೆ ನಿಮ್ಮಲ್ಲಿ ಕೊನೆಗೂ ಭರ್ತಿಯಾಗಿದೆ, ಸಂಬಳವಿಲ್ಲದೆ.

ಸೋಮವಾರ ಒಂಬತ್ತನೆಯ ಕೀಮೋ. ಅದಕ್ಕೆ ಮುಂಚೆ ಒಬ್ಬ ವೈದ್ಯರು ಅತ್ತಿಗೆಯ ಎದುರು ಕೂತು, ಉಳಿದ ನಾಲ್ಕನ್ನು ಹೀಗೇ ಕೊಟ್ಟರೆ ಏನು, ಇಳಿಸಿದರೆ ಏನು, ಔಷಧ ಬದಲಿಸಿದರೆ ಏನು ಎಂದು ಕನ್ನಡದಲ್ಲಿ ಹೇಳಬೇಕು. ತೀರ್ಮಾನ ಅತ್ತಿಗೆಯದು. ಆ ನಾಲ್ಕು ಪುಟ ಎಲ್ಲರಿಗೂ ಕನ್ನಡದಲ್ಲಿ, ತೆಲುಗಿನಲ್ಲಿ ಸಿಗಬೇಕು. ಓದಲು ಬಾರದವರಿಗೆ ಓದಿ ಹೇಳುವವರಿರಬೇಕು. ಈ ಸಲ ಒಂದೊಂದು ಸಾಲನ್ನೂ ನಾನು ಅತ್ತಿಗೆಗೆ ಓದಿ ಹೇಳುತ್ತೇನೆ. ಹಿಂದೆ ನಿಂತವರ ಸಾಲು ಕಾಯಲಿ. ಅವರಿಗೂ ಕೇಳಿಸುವಂತೆ ಜೋರಾಗಿ ಓದುತ್ತೇನೆ.

ಇಂತಿ,
ಓದದೆ ಸಾಕ್ಷಿ ಹಾಕಿದವಳು,
ನೇತ್ರಾ, ರಾಯದುರ್ಗ